ಹಿಮ ಕರಗಿದೆ, ಹದ ಇನ್ನೂ ಬಂದಿಲ್ಲ

ಪ್ರಶ್ನೆ: ನಾನು ಕೆನಡಾದ ದಕ್ಷಿಣ ಒಂಟಾರಿಯೋದ ಒಂದು ಚಿಕ್ಕ ಊರಿನಲ್ಲಿದ್ದೇನೆ. ಇಲ್ಲಿನ ಒಂಬತ್ತು ಹೋಲ್‌ಗಳ ಗಾಲ್ಫ್ ಕ್ಲಬ್ಬಿನ ಸದಸ್ಯ. ನಾನು ಹಾಸನದ ಕಡೆ ರೈತರ ಮನೆಯವನು ಅಂತ ಗೊತ್ತಾದ ಮೇಲೆ ಈ ವರ್ಷ ಮೈದಾನ ನೋಡಿಕೊಳ್ಳುವ ಕಮಿಟಿಗೆ ನನ್ನನ್ನು ಸೇರಿಸಿದ್ದಾರೆ. ಕೆಲಸಗಾರರು ಇಬ್ಬರೇ. ಈಗ ಮಾರ್ಚ್ ಕೊನೆ, ಹಿಮ ಹೆಚ್ಚುಕಡಿಮೆ ಕರಗಿದೆ. ಗ್ರೀನ್‌ಗಳ ಮೇಲೆ, ಅಂದರೆ ಹೋಲ್ ಸುತ್ತ ತೀರಾ ಗಿಡ್ಡವಾಗಿ ಕತ್ತರಿಸುವ ಹುಲ್ಲುನೆಲದ ಮೇಲೆ, ಊಟದ ತಟ್ಟೆ ಅಗಲದ ಬೂದು ಮಚ್ಚೆಗಳು ಕಾಣಿಸುತ್ತಿವೆ. ತಗ್ಗಿನಲ್ಲಿರುವ ಎರಡು ಗ್ರೀನ್‌ಗಳ ಮೇಲೆ ಜನವರಿಯಿಂದ ಐಸ್ ಕೂತಿತ್ತು, ಈಗ ಅವು ಒಣಹುಲ್ಲಿನ ಬಣ್ಣಕ್ಕೆ ತಿರುಗಿವೆ. ಈ ಶನಿವಾರವೇ ತೆರೆಯಿರಿ ಅಂತ ಸದಸ್ಯರು ಒತ್ತಾಯ ಮಾಡುತ್ತಿದ್ದಾರೆ. ಯೂರಿಯಾ ಹಾಕಿದರೆ ಬೇಗ ಹಸಿರಾಗುತ್ತೆ ಅಂತ ಒಬ್ಬರು, ರೋಲರ್ ಓಡಿಸಿ ಅಂತ ಇನ್ನೊಬ್ಬರು. ಯಾವ ಕೆಲಸ ಮೊದಲು ಮಾಡಬೇಕು? ಬೆಂಗಳೂರಿನ ಗಾಲ್ಫ್ ಮೈದಾನಗಳಲ್ಲಿರುವ ಗರಿಕೆ ಜಾತಿಯ ಹುಲ್ಲನ್ನೇ ಇಲ್ಲೂ ಬೆಳೆಸಬಾರದೇ?

ಉತ್ತರ: ಶನಿವಾರ ತೆರೆಯಬೇಡಿ. ಮಿಕ್ಕಿದ್ದೆಲ್ಲ ಇದರ ನಂತರದ ಮಾತು, ಅದಕ್ಕೇ ಮೊದಲು ಹೇಳಿಬಿಟ್ಟೆ.

ನೀವು ರೈತರ ಮನೆಯವರು, ನಿಮಗೆ ‘ಹದ’ ಅನ್ನುವ ಒಂದು ಪದ ಸಾಕು. ದೊಡ್ಡ ಮಳೆ ಬಿದ್ದ ಮಾರನೇ ದಿನವೇ ಮನೆಯ ಹಿರಿಯರು ಹೊಲಕ್ಕೆ ನೇಗಿಲು ಇಳಿಸುತ್ತಿದ್ದರಾ? ಇಲ್ಲ ಅಲ್ವಾ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ, ಉಂಡೆ ಕಟ್ಟುತ್ತದಾ ಉದುರುತ್ತದಾ ಅಂತ ನೋಡಿ, ಆಮೇಲೆ ಎತ್ತು ಹೂಡುತ್ತಿದ್ದರು. ಹಿಮ ಕರಗಿತು ಅಂದರೆ ಮಳೆ ನಿಂತಿತು ಅಂತ ಅರ್ಥ, ಅಷ್ಟೇ. ಹದ ಬಂತು ಅಂತಲ್ಲ. ನಾನು ಕೊಪ್ಪಳದ ಕಡೆಯವನು. ಧಾರವಾಡದಲ್ಲಿ ಕೃಷಿ ಓದಿ ಈ ದೇಶಕ್ಕೆ ಬಂದು ಇಪ್ಪತ್ತು ವರ್ಷಗಳಿಂದ ಗಾಲ್ಫ್ ಹುಲ್ಲಿನ ಜೊತೆಗೇ ಇದ್ದೇನೆ. ಪ್ರತಿ ಮಾರ್ಚ್‌ನಲ್ಲೂ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಪ್ಪನ ಹಿಂದೆ ಹೊಲದಲ್ಲಿ ಓಡಾಡುತ್ತಾ ಕಲಿತ ಈ ಹದ ನೋಡುವ ಅಭ್ಯಾಸ.

ಒಂದು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಹೊರಡಿ. ಪ್ರತಿ ಗ್ರೀನ್‌ನಲ್ಲಿ ಐದಾರು ಕಡೆ ನೇರವಾಗಿ ಕೆಳಗೆ ಒತ್ತಿ. ಬಿಸಿಲು ಬೀಳುವ ಕಡೆ, ಮರದ ನೆರಳಲ್ಲಿ, ತಗ್ಗಿನಲ್ಲಿ, ದಿಬ್ಬದ ಮೇಲೆ. ಮೊದಲ ನಾಲ್ಕೈದು ಸೆಂ.ಮೀ. ಸಲೀಸಾಗಿ ಇಳಿದು, ಆಮೇಲೆ ಕಲ್ಲಿಗೆ ತಾಗಿದ ಹಾಗೆ ಟಕ್ ಅಂತ ನಿಂತರೆ ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿದೆ ಅಂತ ತಿಳಿಯಿರಿ. ವರ್ಷದಲ್ಲಿ ಗ್ರೀನ್‌ಗೆ ಅತಿ ಅಪಾಯದ ಹೊತ್ತು ಇದೇ. ಕರಗಿದ ನೀರಿಗೆ ಕೆಳಗಿಳಿಯಲು ದಾರಿ ಇಲ್ಲ, ಹಾಗಾಗಿ ಮೇಲಿನ ಮಣ್ಣು ಅಂಬಲಿಯಂತೆ ಆಗಿರುತ್ತದೆ. ಹುಲ್ಲಿನ ಬೇರಿನ ತುದಿ ಹೆಪ್ಪುಗಟ್ಟಿದ ಪದರದಲ್ಲಿ ಸಿಕ್ಕಿಕೊಂಡಿರುತ್ತದೆ, ಮೇಲಿನ ಭಾಗ ಕೆಸರಲ್ಲಿರುತ್ತದೆ. ಅಂಥ ಕಡೆ ಒಬ್ಬ ಆಟಗಾರ ನಿಂತು ಪಾದ ತಿರುಗಿಸಿದರೆ ಮೇಲಿನ ಪದರ ಜರುಗುತ್ತದೆ, ಬೇರು ನಡುವೆ ಕಿತ್ತುಹೋಗುತ್ತದೆ. ಆ ದಿನ ಕಣ್ಣಿಗೆ ಏನೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು ಏರಿದಾಗ ಕಾಣುತ್ತದೆ.

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತದ್ದು. ಆಗ ಬೇರೊಂದು ಕ್ಲಬ್ಬಿನಲ್ಲಿ ಸಹಾಯಕನಾಗಿದ್ದೆ. ಈಸ್ಟರ್ ರಜೆ ಬಂತು, ಎರಡು ದಿನ ಚೆನ್ನಾಗಿ ಬಿಸಿಲು ಬಿತ್ತು, ಕಾರ್ ಪಾರ್ಕ್ ತುಂಬಿತು. ಕೆಳಗೆ ಹೆಪ್ಪು ಇದೆ ಅಂತ ನನಗೆ ಗೊತ್ತಿತ್ತು. ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಒಂದು ನೆರಳಿನ ಗ್ರೀನ್‌ನಲ್ಲಿ ಕಪ್ ಸುತ್ತ, ಅಂದರೆ ಚೆಂಡು ಬೀಳುವ ತೂತಿನ ಸುತ್ತ, ಕುರಿಮಂದೆ ಹಾದುಹೋದ ಹಾಗೆ ಹೆಜ್ಜೆ ಗುಂಡಿಗಳಾದವು. ಅಷ್ಟು ಜಾಗದಲ್ಲಿ ಹುಲ್ಲು ಜೂನ್ ಮಧ್ಯದವರೆಗೂ ತೆಳುವಾಗಿಯೇ ಉಳಿಯಿತು. ಎರಡು ದಿನದ ಆಟಕ್ಕೆ ಎರಡೂವರೆ ತಿಂಗಳು ಕೊಟ್ಟೆವು. ಈ ಲೆಕ್ಕವನ್ನು ನಿಮ್ಮ ಸದಸ್ಯರ ಮುಂದೆ ಇಡಿ, ಅವರಿಗೂ ಅರ್ಥವಾಗುತ್ತದೆ.

ಈಗ ಬೂದು ಮಚ್ಚೆಗಳ ವಿಷಯ. ನಿಂತು ನೋಡಿದರೆ ತಿಳಿಯುವುದಿಲ್ಲ, ಮಂಡಿಯೂರಿ ಕೂರಬೇಕು. ಮಚ್ಚೆಯ ಅಂಚಿನ ನಾಲ್ಕು ಎಲೆ ಕಿತ್ತು ಅಂಗೈ ಮೇಲೆ ಹಾಕಿ ಬೆರಳಿಂದ ಹರಡಿ. ಒಣಗಿ ಅಂಟಿಕೊಂಡ ಎಲೆಗಳ ನಡುವೆ ರಾಗಿ ಕಾಳಿನಂಥ ಕೆಂಪು ಕಂದು ಬಣ್ಣದ ಗಟ್ಟಿ ಕಾಳುಗಳು ಅಥವಾ ಸಾಸಿವೆಗಿಂತ ಸಣ್ಣ ಕರಿ ಕಾಳುಗಳು ಸಿಕ್ಕರೆ ಅದು ಗ್ರೇ ಸ್ನೋ ಮೋಲ್ಡ್, ಟೈಫುಲಾ ಅನ್ನುವ ಶಿಲೀಂಧ್ರದಿಂದ ಬರುವ ರೋಗ. ಆ ಕಾಳುಗಳು ಬೀಜವಲ್ಲ, ಶಿಲೀಂಧ್ರ ಬೇಸಿಗೆ ಕಳೆಯಲು ಕಟ್ಟಿಕೊಂಡ ಗಂಟುಗಳು. ಎರಡು ತಿಂಗಳೋ ಅದಕ್ಕಿಂತ ಜಾಸ್ತಿಯೋ ಹಿಮ ಹೊದ್ದ ಜಾಗದಲ್ಲಿ ಇದು ಬರುತ್ತದೆ. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಎಲೆಯನ್ನಷ್ಟೇ ತಿನ್ನುತ್ತದೆ. ಬುಡದ ಸುಳಿ ಉಳಿದಿರುತ್ತದೆ, ಹುಲ್ಲು ಮತ್ತೆ ಬರುತ್ತದೆ.

ಕಾಳುಗಳಿಲ್ಲದೆ ಮಚ್ಚೆಯ ಅಂಚು ತಿಳಿ ಗುಲಾಬಿಯೋ ಸಾಲ್ಮನ್ ಮೀನಿನ ಬಣ್ಣವೋ ಇದ್ದರೆ ಅದು ಪಿಂಕ್ ಸ್ನೋ ಮೋಲ್ಡ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಇದಕ್ಕೆ ಹಿಮವೇ ಬೇಕೆಂದಿಲ್ಲ, ತಣ್ಣನೆಯ ಒದ್ದೆ ಹವೆ ಸಾಕು, ಬುಡದ ಸುಳಿಯನ್ನೂ ಕೊಲ್ಲಬಲ್ಲದು. ಒಟ್ಟಿನಲ್ಲಿ ಎರಡಕ್ಕೂ ಈಗ ಮಾಡುವ ಕೆಲಸ ಒಂದೇ. ಮೇಲ್ಮೈ ಒಣಗಿ ಕಾಲು ಹೂತುಹೋಗದಂತಾದ ಮೇಲೆ ಮೆತ್ತನೆಯ ಪೊರಕೆಯಿಂದಲೋ ಹಗುರ ಕುಂಟೆಯಿಂದಲೋ ಅಂಟಿಕೊಂಡ ಎಲೆಗಳನ್ನು ಬಿಡಿಸಿ. ಗಾಳಿ, ಬಿಸಿಲು ಒಳಗೆ ಹೋಗಲಿ. ಅರ್ಧ ವಾಸಿ ಅದರಿಂದಲೇ ಆಗುತ್ತದೆ. ಗ್ರೇ ಮೋಲ್ಡ್‌ಗೆ ಈಗ ಔಷಧಿ ಹೊಡೆದರೆ ದುಡ್ಡು ದಂಡ, ಅದಕ್ಕೆ ಸಿಂಪಡಿಸುವ ಕಾಲ ಹಿಮ ಬೀಳುವ ಮುಂಚೆ, ನವೆಂಬರ್‌ನಲ್ಲಿ. ಗುಲಾಬಿ ಅಂಚು ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಮಾತ್ರ ಲೈಸೆನ್ಸ್ ಇರುವವರನ್ನು ಕೇಳಿ. ಒಂಟಾರಿಯೋದಲ್ಲಿ 2009ರಿಂದ ಮನೆಯಂಗಳಕ್ಕೆ ಅಂದಕ್ಕಾಗಿ ಕೀಟ, ರೋಗ, ಕಳೆಗಳ ಔಷಧಿ ಹೊಡೆಯುವಂತಿಲ್ಲ. ಗಾಲ್ಫ್ ಮೈದಾನಗಳಿಗೆ ವಿನಾಯಿತಿ ಇದೆ, ಆದರೆ ಅದು ಷರತ್ತಿನ ವಿನಾಯಿತಿ. ನಿಮ್ಮ ಕ್ಲಬ್ಬಿನ ಕಾಗದಪತ್ರ ಸರಿ ಇದೆಯಾ ಅಂತ ಕಮಿಟಿಗೆ ಬಂದ ಮೊದಲ ವಾರವೇ ನೋಡಿಕೊಳ್ಳುವುದು ಒಳ್ಳೆಯದು.

ನನಗೆ ಯೋಚನೆ ಇರುವುದು ಆ ಎರಡು ತಗ್ಗಿನ ಗ್ರೀನ್‌ಗಳದ್ದು.

ಹಿಮ ಹುಲ್ಲಿಗೆ ಕಂಬಳಿ ಇದ್ದ ಹಾಗೆ. ಅದರೊಳಗೆ ಗಾಳಿ ಆಡುತ್ತದೆ, ಹೊರಗಿನ ಕೊರೆತ ತಟ್ಟುವುದಿಲ್ಲ. ಐಸ್ ಹಾಗಲ್ಲ. ಮುಚ್ಚಳ ಹಾಕಿ ಮೇಣ ಮೆತ್ತಿದ ಹಾಗೆ ಕೂತುಬಿಡುತ್ತದೆ. ಕೆಳಗೆ ಹುಲ್ಲೂ ಮಣ್ಣಿನ ಸೂಕ್ಷ್ಮಜೀವಿಗಳೂ ಉಸಿರಾಡುತ್ತಲೇ ಇರುತ್ತವೆ. ಆಮ್ಲಜನಕ ಮುಗಿಯುತ್ತದೆ, ಕೆಟ್ಟ ಗಾಳಿ ಸೇರುತ್ತದೆ. ಎಷ್ಟು ದಿನ ತಡೆಯುತ್ತದೆ ಅನ್ನುವುದು ಹುಲ್ಲಿನ ಜಾತಿಯ ಮೇಲಿದೆ. ಈ ಸೀಮೆಯ ಹಳೇ ಗ್ರೀನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಹುಲ್ಲು ಬೆರೆತಿರುತ್ತವೆ. ಒಂದು ಕ್ರೀಪಿಂಗ್ ಬೆಂಟ್‌ಗ್ರಾಸ್, ನಾವು ಬೇಕೆಂದು ಬಿತ್ತಿದ್ದು. ಇನ್ನೊಂದು ಪೋಆ ಆನ್ಯುವಾ, ಕರೆಯದೇ ಬಂದು ಮನೆಯವರಾಗಿಬಿಟ್ಟದ್ದು. ಐಸ್ ಕೆಳಗೆ ಪೋಆ ಸುಮಾರು 45ರಿಂದ 60 ದಿನಕ್ಕೆ ಸೋಲುತ್ತದೆ. ಬೆಂಟ್‌ಗ್ರಾಸ್ 90 ದಿನವನ್ನೂ ದಾಟಿ ಬದುಕುತ್ತದೆ. ನೀವು ಜನವರಿಯಿಂದ ಅಂತ ಬರೆದಿದ್ದೀರಿ. ಲೆಕ್ಕ ನೀವೇ ಹಾಕಿ. ಪೋಆ ಜಾಸ್ತಿ ಇದ್ದರೆ ದೊಡ್ಡ ಪಾಲು ಹೋಗಿರಬಹುದು. 2013–14ರ ಚಳಿಗಾಲದಲ್ಲಿ ಗ್ರೇಟ್ ಲೇಕ್ಸ್ ಅನ್ನುವ ದೊಡ್ಡ ಸರೋವರಗಳ ಸುತ್ತಮುತ್ತ ಎಷ್ಟೋ ಗ್ರೀನ್‌ಗಳು ಹೀಗೆ ಐಸ್ ಕೆಳಗೇ ಸತ್ತವು. ಆ ವಸಂತದಲ್ಲಿ ಬೀಜ ಹಾಕದೇ ಇದ್ದವರು ಅಪರೂಪ.

ಐಸ್‌ನಿಂದ ಪಾರಾದ ಹುಲ್ಲಿಗೆ ಇನ್ನೊಂದು ಗಂಡಾಂತರ ಇರುತ್ತದೆ. ಮಾರ್ಚ್‌ನ ಒಂದು ಬೆಚ್ಚನೆಯ ದಿನ ಪೋಆ ಬೇಗ ಎಚ್ಚರಗೊಂಡು, ಸುತ್ತ ನಿಂತ ಕರಗಿದ ನೀರನ್ನು ಬುಡದ ಸುಳಿಗೆ ತುಂಬಿಕೊಳ್ಳುತ್ತದೆ. ಅದೇ ರಾತ್ರಿ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗೆ ಇಳಿದರೆ ಆ ನೀರು ಒಳಗೇ ಹೆಪ್ಪುಗಟ್ಟಿ ಸುಳಿಯನ್ನು ಸೀಳುತ್ತದೆ. ತಗ್ಗಿನಲ್ಲಿ ನೀರು ನಿಲ್ಲುವುದರಿಂದ ಈ ಪೆಟ್ಟೂ ಅಲ್ಲಿಗೇ. ಅದಕ್ಕೇ ಹೇಳುತ್ತೇನೆ, ಈ ವಾರ ನಿಮ್ಮ ಇಬ್ಬರು ಕೆಲಸಗಾರರಿಗೆ ಬೇರೇನೂ ಹೇಳದಿದ್ದರೂ ನೀರಿಗೆ ದಾರಿ ಮಾಡಿಸಿ. ಗ್ರೀನ್‌ನ ತಗ್ಗು ಅಂಚಿನ ಆಚೆ ಹಿಮದ ದಿಬ್ಬ ಇದ್ದರೆ ಸಲಿಕೆಯಿಂದ ಕಡಿದು ಸರಿಸಿ. ಅಂಚಿನ ಹುಲ್ಲುನೆಲವೇ ಕಟ್ಟೆಯಂತೆ ತಡೆದಿದ್ದರೆ ಒಂದು ಗೇಣು ಅಗಲದ ಹುಲ್ಲುನೆಲದ ತುಂಡನ್ನು ಕತ್ತರಿಸಿ ತೆಗೆದು ಪಕ್ಕಕ್ಕಿಡಿ, ನೀರು ಹರಿದುಹೋದ ಮೇಲೆ ಮತ್ತೆ ಅಲ್ಲೇ ಕೂರಿಸಿ. ಗದ್ದೆಯ ಬದು ಕಡಿದು ನೀರು ಬಿಡುವುದು ನೀವು ನೋಡಿರುತ್ತೀರಿ. ಇದೂ ಅದೇ ಕೆಲಸ. ಇನ್ನೂ ಐಸ್ ಉಳಿದಿದ್ದರೆ ಅದರ ಮೇಲೆ ಕರಿ ಬಣ್ಣದ ಒಣ ಮರಳನ್ನೋ ಗಾಢ ಬಣ್ಣದ ಸಾವಯವ ಗೊಬ್ಬರವನ್ನೋ ತೆಳ್ಳಗೆ ಎರಚಿ. ಅಮೆರಿಕದ ಮಿಲ್ವಾಕಿ ನಗರದ ಮಿಲೋರ್ಗನೈಟ್ ಗೊಬ್ಬರವನ್ನು ಇಲ್ಲಿ ಹಲವರು ಇದಕ್ಕೇ ಬಳಸುತ್ತಾರೆ. ಕರಿ ಬಣ್ಣ ಬಿಸಿಲನ್ನು ಹೀರಿ ಐಸ್ ತೂತು ತೂತಾಗಿ ಕರಗುತ್ತದೆ. ಗುದ್ದಲಿಯಿಂದ ಕುಟ್ಟಿ ಒಡೆಯಲು ಮಾತ್ರ ಹೋಗಬೇಡಿ, ಐಸ್ ಜೊತೆ ಸುಳಿಯೂ ಕಿತ್ತುಬರುತ್ತದೆ.

ಬದುಕಿದೆಯೋ ಇಲ್ಲವೋ ಅಂತ ತಿಳಿಯಲು ಬಣ್ಣ ನೋಡಿ ತೀರ್ಮಾನಿಸಬೇಡಿ. ಬೆಂಟ್‌ಗ್ರಾಸ್ ಚಳಿಗೆ ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ, ಆದರೆ ಅದು ಮಲಗಿರುತ್ತದೆ ಅಷ್ಟೇ. ಒಂದು ಗಿಡ ಕಿತ್ತು ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇದೆ. ಕಂದಾಗಿ ಮೆತ್ತಗೆ ಹಿಚುಕಿದಂತಾದರೆ ಮುಗಿದಿದೆ. ಮೂಗಿಗೂ ಕೆಲಸ ಕೊಡಿ. ಐಸ್ ಕೆಳಗೆ ಕೊಳೆತ ಗ್ರೀನ್‌ನಿಂದ ಒಂದು ಹುಳಿ ಕೊಳಕು ವಾಸನೆ ಬರುತ್ತದೆ, ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಇವೆಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಕಪ್ ಕಟರ್‌ನದು. ತೂತು ತೋಡುವ ಅದೇ ಸಾಧನದಿಂದ ಪ್ರತಿ ಗ್ರೀನ್‌ನ ಮೂರ್ನಾಲ್ಕು ಜಾಗದಲ್ಲಿ ಮಣ್ಣಿನ ಸಮೇತ ಹುಲ್ಲಿನ ಬಿಲ್ಲೆ ತೆಗೆದು ಕುಂಡದಲ್ಲಿಟ್ಟು, ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯ ಬಳಿ ಇಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ಯಾವ ಜಾಗದ್ದು ಅಂತ ಚೀಟಿ ಅಂಟಿಸಲು ಮರೆಯಬೇಡಿ. ಹತ್ತು ಹದಿನಾಲ್ಕು ದಿನದಲ್ಲಿ ಕಿಟಕಿ ಉತ್ತರ ಹೇಳುತ್ತದೆ. ಮೈದಾನ ಅದೇ ಉತ್ತರ ಹೇಳುವುದಕ್ಕೆ ಇನ್ನೊಂದು ತಿಂಗಳು ಬೇಕು.

ಸತ್ತಿದೆ ಅಂತಾದರೆ ಕೊರಗಬೇಡಿ. ಪೋಆ ಹೋದ ಜಾಗ ಬೆಂಟ್‌ಗ್ರಾಸ್‌ಗೆ ಸಿಕ್ಕ ಜಾಗ. ಚದರ ಮೀಟರ್‌ಗೆ ಐದು ಗ್ರಾಂ ಬೀಜ ಸಾಕು. ಸುಮ್ನೆ ಎರಚಿದರೆ ಬರುವುದಿಲ್ಲ, ಮಣ್ಣಿಗೆ ತಾಗಬೇಕು. ಸಣ್ಣ ತೂತು ಹೊಡೆದೋ ಗೀರು ಎಳೆದೋ ಬಿತ್ತಿ, ಮೇಲೆ ತೆಳ್ಳಗೆ ಮರಳು ಹರಡಿ. ಬೀಜ ಎಷ್ಟು ಸಣ್ಣದೆಂದರೆ ಒಂದು ಕಿಲೋದಲ್ಲಿ ಕೋಟಿಗೂ ಮೀರಿ ಇರುತ್ತದೆ, ರಾಗಿಯೂ ಇದರ ಮುಂದೆ ದೊಡ್ಡದು. ಆಳಕ್ಕೆ ಬಿದ್ದರೆ ಮೇಲೆ ಬರಲಾರದು. ಮಣ್ಣಿನ ಶಾಖ 10 ಡಿಗ್ರಿ ದಾಟುವ ತನಕ ಅದು ಅಲುಗಾಡುವುದಿಲ್ಲ, 15 ದಾಟಿದರೆ ಚುರುಕಾಗುತ್ತದೆ. ಅಷ್ಟರೊಳಗೆ ಮಣ್ಣಿನಲ್ಲೇ ಇರುವ ಪೋಆ ಬೀಜ ಮುಂಚೆ ಮೊಳೆಯಲು ನೋಡುತ್ತದೆ. ಗಾಳಿ ಆಡುವ ಹೊದಿಕೆ ಸಿಕ್ಕರೆ ಹಾಸಿ, ಮಣ್ಣು ಬೇಗ ಬೆಚ್ಚಗಾಗುತ್ತದೆ. ಬಿತ್ತಿದ ಮೇಲೆ ಮೇಲ್ಮಣ್ಣು ಒಣಗದಂತೆ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ನೀರು ಕೊಡಿ. ಹೊಸ ಹುಲ್ಲು ಗಟ್ಟಿಯಾಗಿ ಕೂರುವವರೆಗೆ ಆ ಎರಡು ಗ್ರೀನ್‌ಗಳ ಮುಂದಿನ ಫೇರ್‌ವೇಯಲ್ಲೇ (ಗ್ರೀನ್ ತನಕದ ಆಟದ ಹಾದಿ) ಒಂದು ತುಂಡು ನೆಲವನ್ನು ಗಿಡ್ಡ ಕತ್ತರಿಸಿ, ಕಪ್ ತೋಡಿ, ಧ್ವಜ ನೆಟ್ಟು ತಾತ್ಕಾಲಿಕ ಗ್ರೀನ್ ಮಾಡಿ. ಒಂದೇ ಒಂದು ಮಾತು: ಸತ್ತ ಗ್ರೀನ್‌ನ ಮೇಲೆ ಬೀಜ ಹಾಕಿ ಆಟವನ್ನೂ ಬಿಡುತ್ತೇವೆ ಅಂತ ಹೊರಟವರು ಎರಡನ್ನೂ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಯೂರಿಯಾ ಮಾತಿಗೆ ಬರೋಣ. ಮಣ್ಣು ತಣ್ಣಗಿದ್ದಾಗ ಬೇರು ಊಟ ಮಾಡುವುದಿಲ್ಲ. ಸುರಿದ ಗೊಬ್ಬರ ಕರಗಿದ ನೀರಿನ ಜೊತೆ ಹಳ್ಳ ಸೇರುತ್ತದೆ. ಒಂದು ವೇಳೆ ಹುಲ್ಲು ತಗೊಂಡಿತು ಅಂತಲೇ ಇಟ್ಟುಕೊಳ್ಳಿ. ಆಗ ಅದು ಕೂಡಿಟ್ಟ ಶಕ್ತಿಯನ್ನೆಲ್ಲ ಎಲೆಗೆ ಸುರಿಯುತ್ತದೆ. ವಸಂತ ಅಂದರೆ ಈ ಹುಲ್ಲುಗಳು ಬೇರು ಇಳಿಸುವ ಕಾಲ. ಏಪ್ರಿಲ್‌ನಲ್ಲಿ ಎಲೆಗೆ ಹೋದ ಶಕ್ತಿ ಜುಲೈ ಬಿಸಿಲಲ್ಲಿ ಬೇರಿಗೆ ಸಿಗುವುದಿಲ್ಲ. ನಮ್ಮಲ್ಲಿ ಯೂರಿಯಾ ಹೆಚ್ಚಾದ ಭತ್ತ ಕಪ್ಪು ಹಸಿರಾಗಿ ನಿಂತು ಒಂದು ಗಾಳಿಗೆ ಮಲಗುವುದನ್ನು ನೋಡಿದ್ದೀರಲ್ಲ, ಹಾಗೇ ಇದು. ಹುಲ್ಲು ತಾನಾಗಿ ಬೆಳೆಯಲು ಶುರುವಾಗಿ ಎರಡು ಸಲ ಕತ್ತರಿಸಿದ ಮೇಲೆ ಚಮಚದಲ್ಲಿ ಉಣಿಸಿದ ಹಾಗೆ ಕೊಡಿ. ಗ್ರೀನ್‌ಗೆ ಚದರ ಮೀಟರ್‌ಗೆ ಅರ್ಧ ಗ್ರಾಂ ಸಾರಜನಕ, ಎರಡು ವಾರಕ್ಕೊಮ್ಮೆ. 500 ಚದರ ಮೀಟರ್‌ನ ಗ್ರೀನ್‌ಗೆ ಇದು ಸುಮಾರು 540 ಗ್ರಾಂ ಯೂರಿಯಾ, ನೀರಲ್ಲಿ ಕರಗಿಸಿ ಸಿಂಪಡಿಸುವುದು. ಮೂಟೆ ಬಿಚ್ಚಿ ಎರಚುವ ಕೆಲಸವೇ ಅಲ್ಲ. ಸತ್ತು ಬಿತ್ತನೆಯಾದ ಗ್ರೀನ್‌ಗಳ ಕಥೆ ಬೇರೆ, ಎಳೆ ಸಸಿಗೆ ಸ್ವಲ್ಪ ಜಾಸ್ತಿ ಬೇಕು.

ರೋಲರ್ ಬೇಕು, ಆದರೆ ಈಗಲ್ಲ. ಹೆಪ್ಪುಗಟ್ಟಿ ಬಿಟ್ಟಾಗ ನೆಲ ಉಬ್ಬುತ್ತದೆ, ಬುಡ ಸಡಿಲವಾಗುತ್ತದೆ. ಮೇಲಿನ ಮಣ್ಣು ಹದವಾಗಿ ಒಣಗಿದ ಮೇಲೆ ಹಗುರ ರೋಲರ್ ಒಂದು ಸಲ ಓಡಿಸಿದರೆ ಬುಡ ಮಣ್ಣಿಗೆ ಕೂರುತ್ತದೆ. ಒದ್ದೆ ಮಣ್ಣಿನ ಮೇಲೆ ಓಡಿಸಿದರೆ ಇಟ್ಟಿಗೆ ಮಾಡಿದ ಹಾಗಾಗುತ್ತದೆ.

ಮೊದಲ ಕತ್ತರಿಕೆಗೆ ಮುಂಚೆ ಹುಲ್ಲು ಕತ್ತರಿಸುವ ಮೋವರ್‌ನ ರೀಲ್ (ಬ್ಲೇಡುಗಳಿರುವ ತಿರುಗುವ ಉರುಳೆ) ಸಾಣೆ ಹಿಡಿದಿದೆಯಾ ನೋಡಿ. ದಿನಪತ್ರಿಕೆಯ ಒಂದು ಚೂರನ್ನು ರೀಲ್‌ಗೂ ಕೆಳಗಿನ ಬ್ಲೇಡಿಗೂ ನಡುವೆ ಹಿಡಿದು, ರೀಲನ್ನು ನಿಧಾನ ತಿರುಗಿಸಿ. ಬೆರಳು ದೂರ ಇರಲಿ. ಕಾಗದ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಬೇಕು. ಹರಿದು ಮಡಚಿಕೊಂಡರೆ ಹುಲ್ಲಿಗೂ ಅದೇ ಗತಿ, ಹರಿದ ತುದಿ ಬಿಳಿಚಿಕೊಂಡು ರೋಗಕ್ಕೆ ಬಾಗಿಲಾಗುತ್ತದೆ. ಬೇಸಿಗೆಯಲ್ಲಿ ಗ್ರೀನ್ ಎತ್ತರ 3 ಮಿ.ಮೀ. ಆಸುಪಾಸು ಇಟ್ಟುಕೊಳ್ಳುವವರು ಶುರುವಿನಲ್ಲಿ 4ಕ್ಕಿಂತ ಕೆಳಗೆ ಇಳಿಯಬೇಡಿ. ಎರಡು ಮೂರು ವಾರದಲ್ಲಿ ಮೆಲ್ಲಗೆ ಇಳಿಸಿ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು.

ನಿಮ್ಮ ಸದಸ್ಯರ ಆತುರಕ್ಕೆ ಒಂದು ಕಾರಣವನ್ನು ನಾನು ಊಹಿಸಬಲ್ಲೆ. ಏಪ್ರಿಲ್ ಮೊದಲ ಪೂರ್ತಿ ವಾರ ಬಂತೆಂದರೆ ಟಿವಿಯಲ್ಲಿ ಮಾಸ್ಟರ್ಸ್. 1934ರಿಂದ ಆಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ ನಡೆಯುವ ಗಾಲ್ಫ್ ಟೂರ್ನಿ. ಪರದೆ ತುಂಬಾ ಪಚ್ಚೆ ಹಸಿರು, ಹೂವು ಬಿಟ್ಟ ಅಜೇಲಿಯಾ. ಕಿಟಕಿಯಿಂದ ಹೊರಗೆ ನೋಡಿದರೆ ನಮ್ಮದು ಕಂದು. ಹೊಟ್ಟೆ ಉರಿಯುವುದು ಸಹಜ. ಆದರೆ ಆಗಸ್ಟಾ ಇರುವುದು ಅಮೆರಿಕದ ಜಾರ್ಜಿಯಾದಲ್ಲಿ, ನಮ್ಮಿಂದ ಎಷ್ಟೋ ದಕ್ಷಿಣಕ್ಕೆ. ಅಲ್ಲಿನ ಫೇರ್‌ವೇಗಳಲ್ಲಿ ಕಾಣುವ ಹಸಿರು ಚಳಿಗೆ ಮಲಗಿದ ಬರ್ಮುಡಾ (ನಮ್ಮ ಗರಿಕೆ) ಹುಲ್ಲಿನ ಮೇಲೆ ಶರತ್ಕಾಲದಲ್ಲಿ ಬಿತ್ತಿದ ರೈ ಹುಲ್ಲಿನದು. ಗ್ರೀನ್‌ಗಳ ಕೆಳಗೆ ಗಾಳಿ ಊದಿ ನೀರು ಹೀರುವ ಪೈಪುಗಳಿವೆ. ಬೇಸಿಗೆಯಲ್ಲಿ ಕ್ಲಬ್ಬನ್ನೇ ಮುಚ್ಚಿಬಿಡುತ್ತಾರೆ. ಇಬ್ಬರು ಕೆಲಸಗಾರರ ಒಂಬತ್ತು ಹೋಲ್‌ಗೆ ಅದು ಅಳತೆಗೋಲಲ್ಲ. ಇದನ್ನು ಸದಸ್ಯರಿಗೆ ಪ್ರೀತಿಯಿಂದ ವಿವರಿಸಿ, ನೋಟಿಸ್ ಬೋರ್ಡಿನಲ್ಲಿ ಸ್ಕ್ರೂಡ್ರೈವರ್ ಎಲ್ಲಿ ನಿಂತಿತು ಅನ್ನುವ ಫೋಟೋ ಹಾಕಿ. ಜನ ಕಣ್ಣಾರೆ ಕಂಡದ್ದನ್ನು ಒಪ್ಪುತ್ತಾರೆ.

ಮಣ್ಣು ಹದಕ್ಕೆ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮೈದಾನದ ಸುತ್ತಲಿನ ಕೆಲಸ ಬೇಕಾದಷ್ಟಿದೆ. ಚಳಿಗಾಲದಲ್ಲಿ ಮುರಿದು ನೇತಾಡುವ ಕೊಂಬೆಗಳನ್ನು ಮೊದಲು ಇಳಿಸಿ, ಅದು ಜನರ ತಲೆಯ ಪ್ರಶ್ನೆ. ಬೆಳಗಿನ ಬಿಸಿಲನ್ನು ಗ್ರೀನ್‌ಗೆ ತಡೆಯುವ ಕೊಂಬೆ ಯಾವುದು ಅಂತ ಎಲೆ ಬರುವ ಮುಂಚೆಯೇ ಗುರುತು ಹಾಕಿಕೊಳ್ಳಿ. ಓಕ್ ಮರ ಸವರುವುದಿದ್ದರೆ ಈ ತಿಂಗಳಲ್ಲೇ ಮುಗಿಸಿ. ಏಪ್ರಿಲ್‌ನಿಂದ ಜುಲೈ ತನಕ ಓಕ್‌ಗೆ ಗಾಯ ಮಾಡಬಾರದು, ಓಕ್ ವಿಲ್ಟ್ ರೋಗ 2023ರಲ್ಲಿ ಒಂಟಾರಿಯೋಗೂ ಬಂದಿದೆ. ಬಂಕರ್ ಅನ್ನುವ ಮರಳು ಗುಂಡಿಗಳಲ್ಲಿ ಕೊಚ್ಚಿಹೋದ ಮರಳನ್ನು ಮೇಲಕ್ಕೆ ಎಳೆದು, ಕಲ್ಲು ಕಡ್ಡಿ ಆರಿಸಿ, ತಳದಲ್ಲಿ ಸುಮಾರು 10 ಸೆಂ.ಮೀ. ಮರಳಿದೆಯಾ ನೋಡಿ. ನೀರು ನಿಂತಿದ್ದರೆ ಅದರ ಬಸಿಗಾಲುವೆ ಕಟ್ಟಿಕೊಂಡಿದೆ. ಹಿಮದ ಕೆಳಗೆ ವೋಲ್ ಇಲಿಗಳು ಕೊರೆದ ಹಾವಿನಂಥ ಹಾದಿಗಳು ರಫ್‌ನಲ್ಲಿ (ಅಂಚಿನ ಎತ್ತರದ ಹುಲ್ಲಿನಲ್ಲಿ) ಕಾಣಿಸುತ್ತವೆ, ಕುಂಟೆಯಾಡಿಸಿ ಒಂದು ಹಿಡಿ ಬೀಜ ಎರಚಿದರೆ ಮುಚ್ಚಿಕೊಳ್ಳುತ್ತವೆ. ರಸ್ತೆ ಪಕ್ಕದ ಹುಲ್ಲು ಉಪ್ಪಿನಿಂದ ಸುಟ್ಟಿದ್ದರೆ ನೀರು ಬಿಟ್ಟು ಚೆನ್ನಾಗಿ ತೊಳೆಯಿರಿ. ಬೆಂಚು, ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಗುರುತು, ಧ್ವಜದ ಕೋಲುಗಳಿಗೆ ಬಣ್ಣ ಹಚ್ಚಲು ಸ್ವಯಂಸೇವಕರನ್ನು ಕರೆಯಿರಿ. ಬೇಗ ತೆರೆಯಿರಿ ಅಂತ ಒತ್ತಾಯ ಮಾಡುವವರನ್ನೇ ಮೊದಲು ಕರೆಯಿರಿ. ಅವರಿಗೆ ಮೈದಾನದ ಮೇಲೆ ನಿಜವಾದ ಪ್ರೀತಿ ಇರುತ್ತದೆ.

ನೀರಿನ ಪೈಪುಗಳಿಗೆ ಮಾತ್ರ ಒಂದು ಪೂರ್ತಿ ದಿನ ಮೀಸಲಿಡಿ. ಚಳಿಗೆ ಮುಂಚೆ ಕಂಪ್ರೆಸರ್‌ನಿಂದ ಊದಿ ಪೈಪು ಖಾಲಿ ಮಾಡಿರುತ್ತೀರಿ, ಹಾಗಾಗಿ ಈಗ ಒಳಗೆಲ್ಲ ಗಾಳಿ. ರಾತ್ರಿ ಕೊರೆತ ನಿಂತ ಮೇಲೆ ನೀರು ತುಂಬಿಸಿ. ಪಂಪು ಪೂರ್ತಿ ಒತ್ತಡದಲ್ಲಿ ಹಾಕಿದರೆ ನೀರು ಆ ಗಾಳಿಯನ್ನು ಅಟ್ಟಿಸಿಕೊಂಡು ಹೋಗಿ ತಿರುವಿನಲ್ಲಿ ಸುತ್ತಿಗೆಯಂತೆ ಹೊಡೆಯುತ್ತದೆ, ಜೋಡಣೆಗಳು ಸೀಳುತ್ತವೆ. ಪೈಪಿನೊಳಗೆ ನೀರು ಸೆಕೆಂಡಿಗೆ ಒಂದು ಅಡಿಗಿಂತ ವೇಗವಾಗಿ ಓಡಬಾರದು. ಪಂಪಿಗೆ ತೀರಾ ದೂರ ಇರುವ, ಎತ್ತರದ ವಾಲ್ವ್‌ಗಳನ್ನು ತೆರೆದಿಟ್ಟು ಅಲ್ಲಿ ಒಬ್ಬರನ್ನು ನಿಲ್ಲಿಸಿ. ಮೊದಲು ಬುಸ್ ಅಂತ ಗಾಳಿ ಬರುತ್ತದೆ. ಆಮೇಲೆ ತುಪುಕ್ ತುಪುಕ್ ಅಂತ ತುಕ್ಕು ಬಣ್ಣದ ನೀರು ಉಗುಳುತ್ತದೆ. ಕೊನೆಗೆ ಸದ್ದಿಲ್ಲದೆ ತಿಳಿನೀರು ಒಂದೇ ಧಾರೆಯಾಗಿ ಬರುತ್ತದೆ. ಆಗ ಮುಚ್ಚಿ ಮುಂದಿನ ವಾಲ್ವ್‌ಗೆ ಹೋಗಿ. ಎಲ್ಲ ತುಂಬಿದ ಮೇಲೆ ಒತ್ತಡ ಮೆಲ್ಲಗೆ ಏರಿಸಿ, ಇಡೀ ಮೈದಾನ ನಡೆದು ನೋಡಿ. ಎಲ್ಲಾದರೂ ಕಾಲಡಿ ನೆಲ ಜೌಗಾಗಿದ್ದರೆ ಅಲ್ಲಿ ಸೀಳಿದೆ.

ಕಳೆ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕ್ರ್ಯಾಬ್‌ಗ್ರಾಸ್ ಮೊಳೆಯುವುದನ್ನು ತಡೆಯುವ ಔಷಧಿ ಹಾಕುವುದಿದ್ದರೆ ಕ್ಯಾಲೆಂಡರ್ ನೋಡಬೇಡಿ, ಫೋರ್ಸೀಥಿಯಾ ಪೊದೆ ನೋಡಿ. ಅದರ ಹಳದಿ ಹೂವು ಅರಳುವ ಹೊತ್ತಿಗೆ ಮಣ್ಣಿನ ಶಾಖ 12–13 ಡಿಗ್ರಿಯತ್ತ ಏರುತ್ತಿರುತ್ತದೆ, ಕಳೆ ಏಳುವುದೂ ಆ ಶಾಖಕ್ಕೇ. ಹೂ ಉದುರಿದರೆ ತಡವಾಯಿತು. ನಮ್ಮ ಕಡೆ ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’ ಅನ್ನುತ್ತಾರೆ. ಇಲ್ಲಿಯವರಿಗೆ ಈ ಹಳದಿ ಪೊದೆಯೇ ರೋಹಿಣಿ.

ಗರಿಕೆ ಪ್ರಶ್ನೆ ಓದಿ ಖುಷಿಯಾಯಿತು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರುವ ಊರಿನ ಹವೆಗೆ ಅದು ಹೇಳಿ ಮಾಡಿಸಿದ ಹುಲ್ಲು. ಬರ್ಮುಡಾ ಅಂತ ಜಗತ್ತು ಕರೆಯುವುದು ನಮ್ಮ ಗಣಪತಿಯ ಗರಿಕೆಯನ್ನೇ. ಗ್ರೀನ್‌ಗೆ ಬಳಸುವ ಟಿಫ್‌ಡ್ವಾರ್ಫ್‌ನಂಥ ತಳಿಗಳು ಗರಿಕೆಗೂ ಅದರ ಆಫ್ರಿಕಾದ ದಾಯಾದಿಗೂ ಹುಟ್ಟಿದವು. ಆದರೆ ಗರಿಕೆ ಬಿಸಿಲಿನ ಮಗು. ಮಣ್ಣು ತಣ್ಣಗಾದರೆ ಬೆಳವಣಿಗೆ ನಿಲ್ಲಿಸಿ ಕಂದಾಗುತ್ತದೆ, ಒಂಟಾರಿಯೋದ ಚಳಿಗಾಲ ಅದನ್ನು ಬೇರುಸಮೇತ ಕೊಲ್ಲುತ್ತದೆ. ನಿಮ್ಮಲ್ಲಿ ಬೆಂಟ್‌ಗ್ರಾಸ್‌ಗೇ ಇರಿ. ಆ ಗರಿಕೆ ತಳಿಗಳನ್ನು ಬೆಳೆಸಿದವರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜಾರ್ಜಿಯಾದ ಟಿಫ್ಟನ್ ಊರಿನಲ್ಲಿ ಕೆಲಸ ಮಾಡಿದ ಗ್ಲೆನ್ ಬರ್ಟನ್. ಟಿಫ್‌ಗ್ರೀನ್, ಟಿಫ್‌ಡ್ವಾರ್ಫ್ ಅವರ ಕಾರ್ಯಕ್ರಮದಿಂದ ಬಂದವು. ಅದೇ ಬರ್ಟನ್ ಸಜ್ಜೆಯ ಟಿಫ್ಟ್ 23ಎ ಅನ್ನುವ ತಳಿಸಾಲನ್ನೂ ಕೊಟ್ಟರು, ಅದನ್ನು ತಾಯಿಯಾಗಿಟ್ಟು 1965ರಲ್ಲಿ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಂತು. ಸಜ್ಜೆ ರೊಟ್ಟಿ ತಿಂದು ಬೆಳೆದ ನನಗೆ ಗಾಲ್ಫ್ ಹುಲ್ಲು ಪರದೇಶದ ವಿದ್ಯೆ ಅಂತ ಅನ್ನಿಸದೇ ಇರಲು ಇದೂ ಒಂದು ಕಾರಣ.

ಹಾಗಾದರೆ ಯಾವತ್ತು ತೆರೆಯುವುದು? ಸ್ಕ್ರೂಡ್ರೈವರ್ ಒಂದು ಗೇಣು ಆಳಕ್ಕೆ ಎಲ್ಲ ಕಡೆ ತಡೆಯಿಲ್ಲದೆ ಇಳಿಯಬೇಕು. ಗ್ರೀನ್ ಮೇಲೆ ನಡೆದರೆ ಹೆಜ್ಜೆ ಮೂಡಬಾರದು, ಒತ್ತಿದ ಜಾಗದಲ್ಲಿ ನೀರು ಒಸರಬಾರದು. ಹುಲ್ಲು ಒಂದು ಸಲವಾದರೂ ಕತ್ತರಿಸುವಷ್ಟು ಬೆಳೆದಿರಬೇಕು. ಗಾಲ್ಫ್ ಗಾಡಿಗಳಿಗೆ ಇನ್ನೂ ಒಂದೆರಡು ವಾರ ಹಾದಿ ಬಿಟ್ಟು ಇಳಿಯಲು ಬಿಡಬೇಡಿ. ತೆರೆದ ಮೇಲೂ ಮೇ ಮೊದಲ ಭಾಗದ ತನಕ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುವುದುಂಟು. ಅದರ ಮೇಲೆ ಕಾಲಿಟ್ಟರೆ ಎಲೆಯೊಳಗಿನ ಕೋಶಗಳು ಗಾಜಿನಂತೆ ಒಡೆಯುತ್ತವೆ, ಮಾರನೇ ದಿನ ಅದೇ ಹೆಜ್ಜೆ ಕಪ್ಪಾಗಿ ಎದ್ದು ಕಾಣುತ್ತದೆ. ಬಿಸಿಲು ಬಿದ್ದು ಕರಗುವ ತನಕ ಮೊದಲ ಗುಂಪನ್ನು ಟೀ ಬಳಿಯೇ ನಿಲ್ಲಿಸಿ, ಒಂದು ಲೋಟ ಕಾಫಿ ಕೊಡಿ.

ಇವತ್ತು ಸಂಜೆ ಬೆಳಕಿರುವಾಗಲೇ ಕಪ್ ಕಟರ್ ತಗೊಂಡು ಆ ಎರಡು ಗ್ರೀನ್‌ಗಳಿಂದ ಬಿಲ್ಲೆಗಳನ್ನು ತೆಗೆದುಬಿಡಿ. ತಗ್ಗಿನಿಂದ ಎರಡು, ಏರಿನಿಂದ ಎರಡು. ಅಡುಗೆಮನೆಯ ಕಿಟಕಿಯಲ್ಲಿಟ್ಟು ಹತ್ತನೇ ದಿನ ಪ್ರತಿ ಬಿಲ್ಲೆಯಲ್ಲಿ ಎಷ್ಟು ಹೊಸ ಹಸಿರು ಎಳೆ ಬಂದಿದೆ ಅಂತ ಎಣಿಸಿ ನನಗೆ ಬರೆಯಿರಿ. ಬೀಜ ಎಷ್ಟು ಕೊಳ್ಳಬೇಕು ಅನ್ನುವ ಲೆಕ್ಕವನ್ನು ಆಗ ಒಟ್ಟಿಗೆ ಕೂತು ಹಾಕೋಣ.